ಎಂಜಿನ್ ಎಣ್ಣೆಯ ಒತ್ತಡ ಮತ್ತು ಹಳೆಯ ಕಾರಿನ ಕೀಲೆಣ್ಣೆ

ಎಂಜಿನ್ ಎಣ್ಣೆಯ ಒತ್ತಡವೆಂದರೆ, ಎಂಜಿನ್ನಿನ ತಳದ ಚೇಂಬರಿನಲ್ಲಿ ನಿಂತಿರುವ ಕೀಲೆಣ್ಣೆಯನ್ನು ಪಂಪು ಹೀರಿ, ಫಿಲ್ಟರಿನ ಮೂಲಕ ಹಾಯಿಸಿ, ಸಿಲಿಂಡರ್ ಬ್ಲಾಕಿನ ಉದ್ದಕ್ಕೂ ಕೊರೆದಿರುವ ಮುಖ್ಯನಾಳಕ್ಕೆ ತಳ್ಳಿದಾಗ, ಆ ನಾಳದಿಂದ ಬೇರಿಂಗುಗಳ ಅತಿ ಕಿರಿದಾದ ಸಂದುಗಳ ಮೂಲಕ ಹೊರಬೀಳಬೇಕಾದ ಎಣ್ಣೆಗೆ ಒದಗುವ ಪ್ರತಿರೋಧದಿಂದ ಹುಟ್ಟುವ ಒತ್ತಡ. ಇದನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದಾಗಲಿ, ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂದಾಗಲಿ ಅಳೆಯುವರು. ಎರಡನೆಯ ಮಾನದ ಒಂದು ಅಂಶವು ಮೊದಲನೆಯದರ ಸುಮಾರು 14.2 ಅಂಶಗಳಿಗೆ ಸಮ. ಪಂಪು ಒತ್ತಡವನ್ನು ಹುಟ್ಟಿಸುವುದೆಂಬ ಸಾಮಾನ್ಯವಾದ ತಿಳಿವಳಿಕೆ ಸರಿಯಾದುದಲ್ಲ. ಪಂಪು ಹುಟ್ಟಿಸುವುದು ಪ್ರವಾಹವನ್ನು. ಆ ಪ್ರವಾಹಕ್ಕೆ ಎಂಜಿನ್ನಿನೊಳಗಿನ ಸಂದುಗಳು ಒಡ್ಡುವ ಅಡ್ಡಿಯೇ ಒತ್ತಡವಾಗಿ ಗೇಜಿನ ಮುಳ್ಳಿನಲ್ಲಿ ತೋರುತ್ತದೆ. ಹಳೆಯ ಕಾರಿಗೆ ಯಾವ ಎಣ್ಣೆಯನ್ನು ಹಾಕಬೇಕೆಂಬ ಪ್ರಶ್ನೆಯ ಉತ್ತರವೆಲ್ಲವೂ ಈ ಒಂದು ಭೇದವನ್ನು ಗ್ರಹಿಸುವುದರ ಮೇಲೆ ನಿಂತಿರುವುದರಿಂದ, ಅದನ್ನು ಮೊದಲೇ ಹೇಳಿಡುವುದು ಉಚಿತ.

ಪೂರ್ವೇತಿಹಾಸ

ಮೋಟಾರು ವಾಹನದ ಆದಿಕಾಲದಲ್ಲಿ ಎಣ್ಣೆಯ ಒತ್ತಡವೆಂಬ ಮಾತೇ ಇರಲಿಲ್ಲ. ಗಾಜಿನ ಬಟ್ಟಲಿನಿಂದ ತೊಟ್ಟುತೊಟ್ಟಾಗಿ ಇಳಿದ ಎಣ್ಣೆ ಬೇರಿಂಗುಗಳನ್ನು ತೋಯಿಸಿ ನೆಲಕ್ಕೆ ಸುರಿದುಹೋಗುವ ಪದ್ಧತಿಯೊಂದು. ಕನೆಕ್ಟಿಂಗ್ ರಾಡಿನ ಕೆಳತುದಿ ಪ್ರತಿ ಸುತ್ತಿನಲ್ಲಿಯೂ ಎಣ್ಣೆಯಲ್ಲಿ ಮುಳುಗೆದ್ದು ಅದನ್ನು ಸುತ್ತಲೂ ಎರಚುವ ಪದ್ಧತಿ ಇನ್ನೊಂದು. 1908ರಿಂದ 1927ರವರೆಗೆ ಒಂದೂವರೆ ಕೋಟಿಯ ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಪಂಪೇ ಇರಲಿಲ್ಲ. ತಿರುಗುವ ಫ್ಲೈವೀಲು ಎತ್ತಿ ಎಸೆದ ಎಣ್ಣೆ ಒಂದು ಕೊಳವೆಯಲ್ಲಿ ಸಂಗ್ರಹವಾಗಿ ಮುಂಬದಿಗೆ ಹರಿಯುತ್ತಿತ್ತು, ಉಳಿದ ಕೆಲಸವನ್ನು ಎರಚಾಟವೇ ನಿರ್ವಹಿಸುತ್ತಿತ್ತು. ಅಂತಹ ಕಾರಿನ ಒಡೆಯನಿಗೆ ಒತ್ತಡದ ಚಿಂತೆಯಿಲ್ಲ, ಎಣ್ಣೆಯ ಮಟ್ಟದ ಚಿಂತೆ ಮಾತ್ರ ಉಂಟು.

ಬಲವಂತವಾಗಿ ಎಣ್ಣೆಯನ್ನು ಬೇರಿಂಗಿನೊಳಕ್ಕೆ ನೂಕುವ ವಿಧಾನವು ಮೊದಲು ಪ್ರಚಾರಕ್ಕೆ ಬಂದುದು ಉಗಿಯಂತ್ರಗಳಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬೆಲಿಸ್ ಮತ್ತು ಮಾರ್ಕಮ್ ಸಂಸ್ಥೆಯ ಎ. ಸಿ. ಪೇನ್ 1890ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಅದೇ ನಗರದಲ್ಲಿ ಕಾರುಗಳನ್ನು ನಿರ್ಮಿಸುತ್ತಿದ್ದ ಫ್ರೆಡರಿಕ್ ಲ್ಯಾಂಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಮೋಟಾರು ಕಾರಿಗೆ ಅಳವಡಿಸಿದವರಲ್ಲಿ ಪ್ರಮುಖನು. ಆದರೂ ಎರಚಾಟದ ಪದ್ಧತಿ ಬಹುಕಾಲ ಉಳಿದುಕೊಂಡಿತು. ಷೆವ್ರೊಲೆ ಸಂಸ್ಥೆಯ ಆರು ಸಿಲಿಂಡರಿನ ಪ್ರಸಿದ್ಧ ಎಂಜಿನ್ನು 1950ರ ದಶಕದ ಆರಂಭದವರೆಗೂ ಕನೆಕ್ಟಿಂಗ್ ರಾಡುಗಳ ಮಟ್ಟಿಗೆ ಆ ಪದ್ಧತಿಯನ್ನೇ ಅವಲಂಬಿಸಿತ್ತು. ಅದರ ಗೇಜು ತೋರುತ್ತಿದ್ದ ಅಲ್ಪ ಒತ್ತಡವು ಆ ಎಂಜಿನ್ನಿನ ಆರೋಗ್ಯವೇ ಹೊರತು ರೋಗವಲ್ಲ. ಒಂದು ಎಂಜಿನ್ನಿನ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿ ನೋಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇವೆಲ್ಲಕ್ಕೂ ಮುಂಚೆಯೇ, 1883ರಲ್ಲಿ, ಬೋಷಾಂ ಟವರ್ ಎಂಬ ಆಂಗ್ಲ ಎಂಜಿನಿಯರನು ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ರೈಲ್ವೆ ಅಚ್ಚಿನ ಬೇರಿಂಗುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಒಂದು ಆಶ್ಚರ್ಯಕರವಾದ ಸಂಗತಿ ಹೊರಬಿದ್ದಿತು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆ ತಾನಾಗಿಯೇ ಮೇಲಕ್ಕೆ ಉಕ್ಕಿತು. ಬಿರಡೆಯನ್ನು ತುರುಕಿದರೆ ಅದು ಹೊರಕ್ಕೆ ತಳ್ಳಲ್ಪಟ್ಟಿತು. ಮರದ ಗೂಟವನ್ನು ಬಡಿದರೆ ಅದೂ ನಿಲ್ಲಲಿಲ್ಲ. ಕೊನೆಗೆ ಅಲ್ಲಿಗೆ ಒತ್ತಡಮಾಪಕವನ್ನು ಜೋಡಿಸಿದಾಗ, ಬೇರಿಂಗಿನ ಮೇಲಣ ಸರಾಸರಿ ಭಾರವು ಚದರ ಅಂಗುಲಕ್ಕೆ 100 ಪೌಂಡು ಮಾತ್ರವಾಗಿದ್ದರೂ, ಮಾಪಕದ ಮುಳ್ಳು ತನ್ನ ಮಿತಿಯಾದ 200 ಪೌಂಡನ್ನು ಮುಟ್ಟಿತು. ಆಸ್‌ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದರ ಗಣಿತವನ್ನು ರಚಿಸಿ ಕಾರಣವನ್ನು ವಿಶದಪಡಿಸಿದನು: ತಿರುಗುವ ದಂಡವು ತನ್ನ ಮೈಗೆ ಅಂಟಿದ ಎಣ್ಣೆಯನ್ನು, ಕ್ರಮಕ್ರಮವಾಗಿ ಕಿರಿದಾಗುವ ಸಂದಿನೊಳಕ್ಕೆ ಬೆಣೆಯ ಆಕಾರದಲ್ಲಿ ಎಳೆದೊಯ್ಯುತ್ತದೆ, ಆ ಬೆಣೆಯಲ್ಲಿ ಹುಟ್ಟುವ ಒತ್ತಡವೇ ದಂಡವನ್ನು ಎತ್ತಿ ಹಿಡಿದು ಲೋಹವು ಲೋಹಕ್ಕೆ ತಾಗದಂತೆ ಕಾಯುತ್ತದೆ.

ಅಂದಮೇಲೆ ಕಾರಿನ ಕ್ರ್ಯಾಂಕ್‌ಶಾಫ್ಟನ್ನು ಎತ್ತಿ ಹಿಡಿದಿರುವುದು ಗೇಜು ತೋರುವ ನಲವತ್ತು ಐವತ್ತು ಪೌಂಡಿನ ಒತ್ತಡವಲ್ಲ. ಬೇರಿಂಗಿನೊಳಗಿನ ಎಣ್ಣೆಯ ಪೊರೆಯಲ್ಲಿ, ದಹನದ ಹೊಡೆತ ಬಿದ್ದ ಕ್ಷಣದಲ್ಲಿ, ಒತ್ತಡವು ಸಾವಿರಾರು ಪೌಂಡುಗಳಿಗೆ ಏರುತ್ತದೆ. ಪಂಪಿನ ಪಾತ್ರವೆಂದರೆ, ಬೇರಿಂಗಿನ ಅಂಚುಗಳಿಂದ ಸೋರಿಹೋಗುವ ಎಣ್ಣೆಗೆ ಪ್ರತಿಯಾಗಿ ಹೊಸ ಎಣ್ಣೆಯನ್ನು ಎಡೆಬಿಡದೆ ಒದಗಿಸುವುದು, ತನ್ಮೂಲಕ ಅಲ್ಲಿ ಹುಟ್ಟಿದ ಶಾಖವನ್ನು ಹೊತ್ತೊಯ್ಯುವುದು. ಗೇಜಿನ ಮುಳ್ಳು ಈ ಸರಬರಾಜು ನಡೆಯುತ್ತಿದೆಯೆಂಬುದಕ್ಕೆ ಸಾಕ್ಷಿ. ಅದಕ್ಕಿಂತ ಹೆಚ್ಚಿನ ಅರ್ಥವನ್ನು ಅದರ ಮೇಲೆ ಹೊರಿಸುವುದು ಸಲ್ಲದು.

ಒತ್ತಡ, ಸಂದು ಮತ್ತು ಸ್ನಿಗ್ಧತೆ

ಎಣ್ಣೆಯ ಪಂಪು ಸಾಮಾನ್ಯವಾಗಿ ಒಂದಕ್ಕೊಂದು ಹಲ್ಲುಗೂಡಿ ತಿರುಗುವ ಎರಡು ಗಾಲಿಗಳಿಂದಲೋ, ಒಂದರೊಳಗೊಂದು ತಿರುಗುವ ಎರಡು ರೋಟರುಗಳಿಂದಲೋ ಆದುದು; ಒಂದು ಸುತ್ತಿಗೆ ಇಂತಿಷ್ಟು ಎಣ್ಣೆಯೆಂಬ ನಿಯತ ಪ್ರಮಾಣವನ್ನು ಅದು ತಳ್ಳುತ್ತದೆ. ಹೀಗೆ ತಳ್ಳಲ್ಪಟ್ಟ ಎಣ್ಣೆಗೆ ಸಂದುಗಳ ದಾರಿ ಎಷ್ಟು ಸುಲಭವೋ ಒತ್ತಡ ಅಷ್ಟು ಕಡಿಮೆ, ಎಷ್ಟು ಕಠಿನವೋ ಅಷ್ಟು ಹೆಚ್ಚು. ದಾರಿಯನ್ನು ಕಠಿನಗೊಳಿಸುವ ಅಂಶಗಳು ಎರಡು: ಸಂದಿನ ಕಿರಿದು ಮತ್ತು ಎಣ್ಣೆಯ ಸ್ನಿಗ್ಧತೆ. ಇವೆರಡರ ಬಲ ಸಮಾನವಾದುದಲ್ಲ, ಮತ್ತು ಈ ಅಸಮಾನತೆಯಲ್ಲಿಯೇ ವಿಷಯದ ಮರ್ಮವಿದೆ. ಸ್ನಿಗ್ಧತೆ ಇಮ್ಮಡಿಸಿದರೆ ಸೋರಿಕೆ ಅರ್ಧಕ್ಕೆ ಇಳಿಯುತ್ತದೆ; ಆದರೆ ಸಂದು ಇಮ್ಮಡಿಸಿದರೆ ಸೋರಿಕೆಯು ಸಂದಿನ ಘನದ ಪ್ರಮಾಣದಲ್ಲಿ, ಎಂದರೆ ಎಂಟು ಪಟ್ಟು, ಹೆಚ್ಚುತ್ತದೆ. ಒಂದು ಅಂಗುಲದ ಸಾವಿರದಲ್ಲೊಂದು ಭಾಗವನ್ನು ನಮ್ಮ ಲೇತಿನ ಕೆಲಸಗಾರರು ಒಂದು ಥೌ ಎನ್ನುತ್ತಾರೆ. ಒಂದೂವರೆ ಥೌ ಇದ್ದ ಬೇರಿಂಗಿನ ಸಂದು ಸವೆದು ಮೂರು ಥೌ ಆಯಿತೆಂದರೆ, ಹಿಂದಿನ ಒತ್ತಡವನ್ನು ಎಣ್ಣೆಯೊಂದರಿಂದಲೇ ಮರಳಿ ಪಡೆಯಲು ಎಂಟು ಪಟ್ಟು ಸ್ನಿಗ್ಧವಾದ ಎಣ್ಣೆ ಬೇಕಾಗುತ್ತದೆ. ಅಂಗಡಿಯಲ್ಲಿ ದೊರೆಯುವ 30ರ ದರ್ಜೆಯ ಎಣ್ಣೆಯನ್ನು ಬಿಟ್ಟು 50ರ ದರ್ಜೆಯದನ್ನು ಹಾಕಿದರೂ ಕಾದ ಎಂಜಿನ್ನಿನಲ್ಲಿ ಸ್ನಿಗ್ಧತೆ ಸಾಮಾನ್ಯವಾಗಿ ಇಮ್ಮಡಿಯನ್ನು ಸಹ ಮುಟ್ಟುವುದಿಲ್ಲ. ಸವೆದ ಎಂಜಿನ್ನನ್ನು ಮಂದವಾದ ಎಣ್ಣೆಯಿಂದ ಗುಣಪಡಿಸಬಹುದೆಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ.

ಸ್ನಿಗ್ಧತೆಯಾದರೋ ಉಷ್ಣತೆಯ ಅಡಿಯಾಳು. ಮಲೆನಾಡಿನ ಮಾಗಿಯ ಬೆಳಗಿನಲ್ಲಿ ಡಬ್ಬಿಯಿಂದ ಇಳಿಯಲೊಲ್ಲದ ಜೋನಿಬೆಲ್ಲವು ಒಲೆಯ ಮಗ್ಗುಲಲ್ಲಿ ಕೊಂಚ ಹೊತ್ತಿಟ್ಟರೆ ನೀರಿನಂತೆ ಹರಿಯುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 40 ಡಿಗ್ರಿ ಸೆಲ್ಸಿಯಸಿನಲ್ಲಿರುವ ಸಾಧಾರಣ ಎಂಜಿನ್ ಎಣ್ಣೆಯು 100 ಡಿಗ್ರಿಗೆ ಏರುವಷ್ಟರಲ್ಲಿ ಎಂಟು ಹತ್ತು ಪಟ್ಟು ತೆಳುವಾಗುತ್ತದೆ. ಆದುದರಿಂದಲೇ ಬೆಳಿಗ್ಗೆ ಎಂಜಿನ್ನನ್ನು ಚಾಲೂ ಮಾಡಿದೊಡನೆ ಮುಳ್ಳು ಎತ್ತರಕ್ಕೆ ಜಿಗಿಯುವುದು, ಹತ್ತಾರು ಮೈಲಿ ಓಡಿದ ಮೇಲೆ ಇಳಿದು ಒಂದು ನೆಲೆಗೆ ನಿಲ್ಲುವುದು. ನೀರಿನ ಉಷ್ಣತೆ ನೆಲೆಗೆ ಬಂದ ಬಹಳ ಹೊತ್ತಿನ ಮೇಲೆ ಎಣ್ಣೆ ತನ್ನ ನೆಲೆಗೆ ಬರುತ್ತದೆ. ಆದಕಾರಣ ಒತ್ತಡವನ್ನು ನಿರ್ಧರಿಸಬೇಕಾದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿದ ಕಾರಿನಲ್ಲಿ ನೋಡಬೇಕಲ್ಲದೆ, ಷೆಡ್ಡಿನಿಂದ ಆಗತಾನೆ ಹೊರಟ ಕಾರಿನಲ್ಲಿ ನೋಡಿ ಪ್ರಯೋಜನವಿಲ್ಲ.

ತಣ್ಣಗಿನ ಎಣ್ಣೆಯಿಂದ ಒತ್ತಡ ಮಿತಿಮೀರಿ ಫಿಲ್ಟರಾಗಲಿ ಸೀಲುಗಳಾಗಲಿ ಒಡೆಯದಂತೆ, ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಂಡಿರುವ ರಿಲೀಫ್ ವಾಲ್ವೊಂದನ್ನು ಅಳವಡಿಸಿರುತ್ತಾರೆ. ಗೊತ್ತಾದ ಒತ್ತಡವನ್ನು ದಾಟಿದೊಡನೆ ಅದು ತೆರೆದುಕೊಂಡು ಹೆಚ್ಚಿನ ಎಣ್ಣೆಯನ್ನು ಚೇಂಬರಿಗೆ ಮರಳಿಸುತ್ತದೆ. ಅಗತ್ಯಕ್ಕಿಂತ ಮಂದವಾದ ಎಣ್ಣೆಯನ್ನು ಹಾಕಿದವನು ಮುಳ್ಳು ಮೇಲೇರಿರುವುದನ್ನು ಕಂಡು ಸಂತೋಷಪಡುತ್ತಿರುವಾಗಲೇ, ಪಂಪು ತಳ್ಳಿದ ಎಣ್ಣೆಯ ಗಣನೀಯ ಭಾಗವು ಬೇರಿಂಗುಗಳನ್ನು ಮುಟ್ಟದೆ ಬಂದ ದಾರಿಯಲ್ಲೇ ಹಿಂದಿರುಗುತ್ತಿರುತ್ತದೆ. ಹೆಚ್ಚು ಒತ್ತಡ, ಕಡಿಮೆ ಎಣ್ಣೆ: ಇದು ವಿರೋಧಾಭಾಸವೆಂದು ತೋರಿದರೂ ನಿಜವೇ ಸರಿ. ಎಂಜಿನ್ನಿನ ಸವೆತದ ದೊಡ್ಡ ಪಾಲು ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿಯೇ ಸಂಭವಿಸುವುದರಿಂದ ಈ ಕೊರತೆ ಅಲ್ಪವೆಂದು ತಳ್ಳಿಹಾಕತಕ್ಕದ್ದಲ್ಲ.

ಗೇಜನ್ನು ಓದುವ ಬಗೆ

ಒತ್ತಡವನ್ನು ತೋರಿಸುವ ಸಾಧನಗಳಲ್ಲಿ ಹಳೆಯದೂ ನಂಬಲರ್ಹವೂ ಆದುದು, ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟು ಪಡೆದ ಬಾಗುಗೊಳವೆಯ ಮಾಪಕ. ಚಪ್ಪಟೆಯಾದ ಲೋಹದ ಬಾಗುಗೊಳವೆಗೆ ಎಣ್ಣೆ ನುಗ್ಗಿದಾಗ ಅದು ನೆಟ್ಟಗಾಗಲು ಹವಣಿಸುತ್ತದೆ. ಆ ಅಲ್ಪ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಎಂಜಿನ್ನಿನಿಂದ ಫಲಕದವರೆಗೆ ಸಣ್ಣ ತಾಮ್ರದ ನಳಿಕೆಯಲ್ಲಿ ಎಣ್ಣೆಯೇ ಬರುವ ಈ ಗೇಜಿಗೆ ವಿದ್ಯುತ್ತಿನ ಹಂಗಿಲ್ಲ. ಅನಂತರ ಬಂದ ವಿದ್ಯುತ್ ಗೇಜುಗಳು, ಎಂಜಿನ್ನಿನಲ್ಲಿ ಒತ್ತಡವನ್ನು ಗ್ರಹಿಸುವ ಸೆಂಡರ್ ಕೆಟ್ಟರೆ, ತಂತಿ ಸಡಿಲವಾದರೆ ಸುಳ್ಳು ಹೇಳುವುದುಂಟು. ಬಹುಪಾಲು ಕಾರುಗಳಲ್ಲಿ ಗೇಜೇ ಇಲ್ಲದೆ ಕೆಂಪು ದೀಪವೊಂದು ಮಾತ್ರವಿದೆ. ಒತ್ತಡವು ಐದಾರು ಪೌಂಡುಗಳಿಗಿಂತ ಕೆಳಗಿಳಿದಾಗ ಮಾತ್ರ ಅದು ಹೊತ್ತುವುದಾದ್ದರಿಂದ, ದೀಪ ಆರಿರುವುದು ಎಂಜಿನ್ನಿನ ಕ್ಷೇಮಕ್ಕೆ ಪ್ರಮಾಣವಲ್ಲ. ಓಡುವಾಗ ದೀಪ ಹೊತ್ತಿತೆಂದರೆ ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಹಳೆಯ ಕಾರನ್ನು ಇಟ್ಟುಕೊಂಡವರು ದೀಪವನ್ನು ತೆಗೆಯದೆ, ಅದರ ಜೊತೆಗೆ ಒಂದು ಯಾಂತ್ರಿಕ ಗೇಜನ್ನು ಸೇರಿಸಿಕೊಳ್ಳುವುದು ವಿಹಿತ.

ಭಾರತದಲ್ಲಿ ಈ ವಿಷಯವನ್ನು ಪರಿಶೀಲಿಸಲು ಹಿಂದೂಸ್ಥಾನ್ ಅಂಬಾಸಿಡರಿಗಿಂತ ತಕ್ಕ ವಾಹನ ಮತ್ತೊಂದಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿ, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಕಾರಿನಲ್ಲಿ ಬಹುಕಾಲ ಇದ್ದುದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಶ್ರೇಣಿಯ, 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್ನು. ಕ್ರ್ಯಾಂಕ್‌ಶಾಫ್ಟನ್ನು ಹೊತ್ತಿರುವುದು ಮೂರೇ ಮೂರು ಮುಖ್ಯ ಬೇರಿಂಗುಗಳು. ಬೇರಿಂಗುಗಳೊಳಗೆ ತಿರುಗುವ, ಎರಡು ಅಂಗುಲ ವ್ಯಾಸದ ದಂಡದ ಕತ್ತುಗಳಿಗೂ ಬೇರಿಂಗಿಗೂ ನಡುವೆ ಇರಬೇಕಾದ ಸಂದು ಎರಡು ಥೌಗಳನ್ನು ಮೀರತಕ್ಕದ್ದಲ್ಲ. ಕ್ಯಾಮ್‌ಶಾಫ್ಟಿನಿಂದ ತಿರುಗುವ ಪಂಪು, ಬ್ಲಾಕಿನ ಹಿಂಬದಿಯ ಎಡಪಕ್ಕದಲ್ಲಿ ಗುಮ್ಮಟದಾಕಾರದ ನಟ್ಟಿನ ಅಡಿಯಲ್ಲಿ ಕುಳಿತ ರಿಲೀಫ್ ವಾಲ್ವು, ಇವು ಈ ಶ್ರೇಣಿಯ ಲಕ್ಷಣಗಳು. ಇಂತಹ ಎಂಜಿನ್ನು ಸುಸ್ಥಿತಿಯಲ್ಲಿದ್ದರೆ, ಚೆನ್ನಾಗಿ ಕಾದ ಮೇಲೆ ಹೆದ್ದಾರಿಯ ವೇಗದಲ್ಲಿ ಸುಮಾರು 50 ಪೌಂಡನ್ನೂ, ನಿಂತಲ್ಲಿ ನಿಧಾನವಾಗಿ ತಿರುಗುವಾಗ ಸುಮಾರು 15 ಪೌಂಡನ್ನೂ ತೋರಿಸುತ್ತದೆ. ನಿಧಾನಗತಿಯಲ್ಲಿ 10 ಪೌಂಡಿಗೆ ಇಳಿದರೂ, ಆಕ್ಸಿಲರೇಟರನ್ನು ಒತ್ತಿದೊಡನೆ ಮುಳ್ಳು ತಡವರಿಸದೆ ಏರಿದರೆ ಭಯಪಡಬೇಕಾಗಿಲ್ಲ. ನಿಮಿಷಕ್ಕೆ ಸಾವಿರ ಸುತ್ತಿಗೆ ಹತ್ತು ಪೌಂಡು ಇರಬೇಕೆಂಬ ಗ್ಯಾರೇಜುಗಳ ಸೂತ್ರವು ಬಾಯಿಲೆಕ್ಕಕ್ಕೆ ಅನುಕೂಲವೇ ಹೊರತು ಪ್ರಕೃತಿಯ ನಿಯಮವಲ್ಲ. ಆಯಾ ಎಂಜಿನ್ನಿನ ಕೈಪಿಡಿ ಹೇಳುವ ಅಂಕಿಯೇ ಅಂತಿಮ ಪ್ರಮಾಣ.

ಒತ್ತಡ ಕಡಿಮೆಯಾದಾಗ ಮೇಸ್ತ್ರಿಯೂ ಒಡೆಯನೂ ಸಾಮಾನ್ಯವಾಗಿ ಮೊದಲು ಎಣ್ಣೆಯ ದರ್ಜೆಯನ್ನು ಬದಲಾಯಿಸಲು ಹೊರಡುತ್ತಾರೆ. ಆದರೆ ಸರಿಯಾದ ಕ್ರಮದಲ್ಲಿ ಅದು ಮೊದಲನೆಯದೇನು, ಕೊನೆಯದೂ ಅಲ್ಲ. ಡಿಪ್‌ಸ್ಟಿಕ್ಕನ್ನು ಎಳೆದು ಮಟ್ಟವನ್ನು ನೋಡುವುದು, ಅದಕ್ಕೆ ಅಂಟಿದ ಎಣ್ಣೆಯನ್ನು ಮೂಸಿ ನೋಡುವುದು ಮೊದಲ ಹೆಜ್ಜೆ. ಯಾಂತ್ರಿಕ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲು ಒಳಗೊಳಗೇ ಚೇಂಬರಿಗೆ ಇಳಿಯುವುದು ಹಳೆಯ ಕಾರುಗಳಲ್ಲಿ ಅಪರೂಪವಲ್ಲ. ಆಗ ಎಣ್ಣೆಯ ಮಟ್ಟ ಕುಗ್ಗುವುದರ ಬದಲು ಏರುತ್ತಿರುತ್ತದೆ, ಒತ್ತಡ ಮಾತ್ರ ಇಳಿಯುತ್ತಿರುತ್ತದೆ, ಏರಿದ ಮಟ್ಟವನ್ನು ಕಂಡವನು ಮೋಸಹೋಗುತ್ತಾನೆ. ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ಮಟ್ಟವನ್ನು ಮೀರಿ ತುಂಬಿಸಿದರೂ ಕೇಡೇ: ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತದೆ, ನೊರೆಯನ್ನು ಹೀರಿದ ಪಂಪು ಗಾಳಿಯನ್ನೇ ತಳ್ಳುತ್ತದೆ. ಇವೆಲ್ಲ ಸರಿಯಿದ್ದಲ್ಲಿ, ಬೇರೊಂದು ಯಾಂತ್ರಿಕ ಗೇಜನ್ನು ನೇರವಾಗಿ ಬ್ಲಾಕಿಗೆ ಜೋಡಿಸಿ ಫಲಕದ ಗೇಜಿನ ಮಾತು ನಿಜವೇ ಎಂದು ಪರೀಕ್ಷಿಸಬೇಕು. ಎಷ್ಟೋ ಎಂಜಿನ್ನುಗಳನ್ನು ಈ ಒಂದು ಪರೀಕ್ಷೆ ವ್ಯರ್ಥವಾಗಿ ಬಿಚ್ಚಿಸಿಕೊಳ್ಳುವುದರಿಂದ ಉಳಿಸಬಲ್ಲುದು. ಅನಂತರ ರಿಲೀಫ್ ವಾಲ್ವು: ಅದರ ಪೀಠದಲ್ಲಿ ಕಸದ ಕಣವೊಂದು ಸಿಕ್ಕಿಕೊಂಡರೆ ವಾಲ್ವು ಪೂರ್ತಿ ಮುಚ್ಚದೆ, ಇದ್ದಕ್ಕಿದ್ದಂತೆ ಒತ್ತಡ ಬಿದ್ದುಹೋಗುತ್ತದೆ, ಸ್ಪ್ರಿಂಗು ಸೋತಿದ್ದರೆ ಹೆಚ್ಚಿನ ವೇಗದಲ್ಲಿಯೂ ಮುಳ್ಳು ಮೇಲೇಳುವುದಿಲ್ಲ. ಸ್ಪ್ರಿಂಗಿನ ಕೆಳಗೆ ವಾಷರುಗಳನ್ನು ಪೇರಿಸಿ ಒತ್ತಡವನ್ನು ಏರಿಸುವ ಚಾತುರ್ಯವುಂಟು. ವಾಲ್ವು ತೆರೆಯುವ ಮಿತಿಗಿಂತ ಕೆಳಗಿನ ಒತ್ತಡದಲ್ಲಿ ಅದರಿಂದ ಏನೂ ಆಗದಾದ್ದರಿಂದ, ಸವೆದ ಬೇರಿಂಗಿನಿಂದಾದ ಕೊರತೆಗೆ ಅದು ಸರ್ವಥಾ ನಿರುಪಯೋಗಿ.

ಚೇಂಬರನ್ನು ಇಳಿಸಿದರೆ ಪಂಪಿನ ಜಾಲರಿಯ ಸ್ಥಿತಿ ತಿಳಿಯುತ್ತದೆ. ವರ್ಷಾಂತರಗಳ ಕೆಸರು ಅಲ್ಲಿ ಮೆತ್ತಿಕೊಂಡಿದ್ದರೆ, ವೇಗ ಹೆಚ್ಚಿದಂತೆ ಒತ್ತಡ ಏರುವ ಬದಲು ಕುಸಿಯುವ ವಿಚಿತ್ರ ಲಕ್ಷಣ ಕಾಣುತ್ತದೆ. ಇದ್ಯಾವುದೂ ಅಲ್ಲವೆಂದಾದರೆ ಮಾತ್ರ ಸವೆತದ ಮಾತು. ನಿಂತಲ್ಲಿ ಬಹಳ ಕಡಿಮೆ, ಓಡುವಾಗ ಪರವಾಗಿಲ್ಲ, ಕಾದಷ್ಟೂ ಇಳಿತ, ತಿಂಗಳಿಂದ ತಿಂಗಳಿಗೆ ನಿಧಾನವಾದ ಇಳಿಕೆ: ಇದು ಬೇರಿಂಗು ಸವೆದುದರ ಚಹರೆ, ಅದರೊಡನೆ ಆಳವಾದ ಬಡಿತದ ಶಬ್ದವೂ ಸೇರಿದರೆ ಸಂಶಯಕ್ಕೆ ಎಡೆಯಿಲ್ಲ. ಇನ್ನೂ ಒಂದು ಸಂಗತಿಯನ್ನು ಇಲ್ಲಿ ನೆನಪಿಡಬೇಕು. ಗೇಜು ಒತ್ತಡವನ್ನು ಅಳೆಯುವುದು ನಾಳದ ಒಂದು ಸ್ಥಾನದಲ್ಲಿ. ಆ ಸ್ಥಾನದಿಂದಾಚೆ ರಂಧ್ರವೊಂದು ಕಟ್ಟಿಕೊಂಡಿದ್ದರೆ ಮುಳ್ಳು ಎತ್ತರದಲ್ಲಿಯೇ ಇರುತ್ತದೆ, ಕಟ್ಟಿದ ದಾರಿಯ ಕೊನೆಯ ಬೇರಿಂಗು ಮಾತ್ರ ಎಣ್ಣೆಯಿಲ್ಲದೆ ಸುಡುತ್ತದೆ. ಬಿ ಶ್ರೇಣಿಯ ಎಂಜಿನ್ನನ್ನು ಬಿಚ್ಚಿದಾಗ ವಾಲ್ವಿನ ರಾಕರುಗಳಿಗೆ ಎಣ್ಣೆ ಒಯ್ಯುವ ಸಣ್ಣ ರಂಧ್ರಗಳನ್ನು ತಂತಿಯಿಂದ ಚುಚ್ಚಿ ಶುದ್ಧಿಗೊಳಿಸದ ಮೇಸ್ತ್ರಿಯ ಕೆಲಸ ಅರ್ಧ ಕೆಲಸವೆಂದೇ ಹೇಳಬೇಕು.

ಎಣ್ಣೆಯ ದರ್ಜೆಗಳು

ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು 1911ರಷ್ಟು ಹಿಂದೆಯೇ ಎಣ್ಣೆಗಳನ್ನು ಸ್ನಿಗ್ಧತೆಗೆ ಅನುಸಾರವಾಗಿ ವಿಂಗಡಿಸಲು ತೊಡಗಿತು. ಡಬ್ಬಿಗಳ ಮೇಲೆ ಎಸ್‌ಎಇ ಎಂದು ಕಾಣುವ ಅಕ್ಷರಗಳು ಆ ಸಂಘದವು. ಇಂದಿನ ಕ್ರಮದಲ್ಲಿ, 100 ಡಿಗ್ರಿಯಲ್ಲಿ, ಸ್ನಿಗ್ಧತೆಯ ಮಾನವಾದ ಸೆಂಟಿಸ್ಟೋಕಿನಲ್ಲಿ, 9.3ರಿಂದ 12.5ರವರೆಗಿನದು 30ರ ದರ್ಜೆ, ಅಲ್ಲಿಂದ 16.3ರವರೆಗೆ 40, ಅಲ್ಲಿಂದ 21.9ರವರೆಗೆ 50. ಡಬ್ಲ್ಯು ಅಕ್ಷರ ಕೂಡಿದ ಅಂಕಿಯು ಚಳಿಗಾಲಕ್ಕೆ ಸಂಬಂಧಪಟ್ಟುದು: 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 15ಡಬ್ಲ್ಯು ಎಣ್ಣೆಯನ್ನು 20 ಡಿಗ್ರಿ ಕೆಳಗೆ, 10ಡಬ್ಲ್ಯು ಎಣ್ಣೆಯನ್ನು 25 ಡಿಗ್ರಿ ಕೆಳಗೆ ಪರೀಕ್ಷಿಸಿ, ಎಂಜಿನ್ನನ್ನು ತಿರುಗಿಸಲು ಅದು ಅಡ್ಡಿಯಾಗದೆಂದು ಕಂಡುಕೊಂಡಿರುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ, 1884ರ ಜನವರಿಯಲ್ಲಿ, ಸೊನ್ನೆಗಿಂತ 7.8 ಡಿಗ್ರಿ ಮೇಲೆ. ರಾಯಚೂರು ಕಲಬುರಗಿಗಳ ಬೇಸಗೆಯಾದರೋ 40 ಡಿಗ್ರಿಯನ್ನು ಮೀರುವುದು ಪ್ರತಿವರ್ಷದ ಮಾತು. ನಮ್ಮ ನಾಡಿನಲ್ಲಿ ಓಡುವ ಹಳೆಯ ಕಾರಿಗೆ 5ಡಬ್ಲ್ಯು, 0ಡಬ್ಲ್ಯು ಎಂಬ ಮಹಾಶೀತದ ದರ್ಜೆಗಳ ಅಗತ್ಯವಿಲ್ಲವೆಂಬುದಕ್ಕೆ ಇಷ್ಟು ಸಾಕು. ಇಲ್ಲಿ ಗಮನಕ್ಕೆ ಬರಬೇಕಾದುದು ಎರಡನೆಯ ಅಂಕಿ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಎರಡನೆಯ ಗೇರಿನಲ್ಲಿ ಹತ್ತುವ ಅಂಬಾಸಿಡರಿನ ಕಾದ ಎಣ್ಣೆಯಲ್ಲಿ ಉಳಿದಿರುವ ಬಲವನ್ನು ಸೂಚಿಸುವುದು ಅದೇ.

ಬಿ ಶ್ರೇಣಿಯ ಎಂಜಿನ್ನು ರೂಪುಗೊಂಡ ಕಾಲದಲ್ಲಿ ತಯಾರಕರು ಸೌಮ್ಯ ಹವೆಗೆ ಹೇಳುತ್ತಿದ್ದುದು ಒಂಟಿ ದರ್ಜೆಯ ಎಸ್‌ಎಇ 30 ಎಣ್ಣೆಯನ್ನು. ಬಿಸಿಯಲ್ಲಿ ಹಿಗ್ಗಿ ತೆಳುವಾಗುವಿಕೆಯನ್ನು ತಡೆಯುವ ದೀರ್ಘ ಅಣುಗಳ ಪಾಲಿಮರುಗಳನ್ನು ಬೆರೆಸಿದ ಬಹುದರ್ಜೆಯ ಎಣ್ಣೆಗಳು 1950ರ ದಶಕದಲ್ಲಿ ಬಂದವು. ಬ್ರಿಟನ್ನಿನಲ್ಲಿ, ಗೇರುಪೆಟ್ಟಿಗೆಗೂ ಎಂಜಿನ್ನಿಗೂ ಒಂದೇ ಎಣ್ಣೆಯನ್ನು ಬಳಸುವ ಮಿನಿ ಕಾರಿನ ನಂತರ, 20ಡಬ್ಲ್ಯು-50 ಎಂಬ ದರ್ಜೆ ಆ ದೇಶದ ಕಾರುಗಳಿಗೆ ರೂಢವಾಯಿತು. ಈ ಪಾಲಿಮರುಗಳು ಗೇರಿನ ಹಲ್ಲುಗಳ, ಬೇರಿಂಗುಗಳ ನಡುವೆ ಸಿಕ್ಕಿ ತುಂಡಾಗುವುದರಿಂದ ಎಣ್ಣೆ ಹಳತಾದಂತೆ ಮೇಲಿನ ದರ್ಜೆಯಿಂದ ಜಾರುತ್ತದೆ. ಬದಲಾಯಿಸುವ ಅವಧಿ ಮೀರಿದ ಮೇಲೆ ಮುಳ್ಳು ಕೊಂಚ ಇಳಿದಿರುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ. ಬೇರಿಂಗಿನೊಳಗಿನ ತೀವ್ರವಾದ ಉಜ್ಜಿನಲ್ಲಿ, 150 ಡಿಗ್ರಿಯಲ್ಲಿ, ಎಣ್ಣೆ ಎಷ್ಟು ಸ್ನಿಗ್ಧವಾಗಿ ಉಳಿಯುವುದೆಂದು ಅಳೆಯುವ ಬೇರೊಂದು ಪರೀಕ್ಷೆಯೂ ಇದೆ. ಅದರಲ್ಲಿ 15ಡಬ್ಲ್ಯು-40 ಎಣ್ಣೆಯೂ 20ಡಬ್ಲ್ಯು-50 ಎಣ್ಣೆಯೂ ತಲುಪಬೇಕಾದ ಕನಿಷ್ಠ ಮಟ್ಟ ಒಂದೇ, 3.7 ಸೆಂಟಿಪಾಯ್ಸ್; 30ರ ದರ್ಜೆಗೆ 2.9. ಆರೋಗ್ಯವಂತವಾದ ಅಂಬಾಸಿಡರ್ ಅಥವಾ 1089 ಘನ ಸೆಂಟಿಮೀಟರಿನ ಪ್ರೀಮಿಯರ್ ಪದ್ಮಿನಿಗೆ 15ಡಬ್ಲ್ಯು-40 ಸಾಕೆಂದೂ, ತಕ್ಕಮಟ್ಟಿಗೆ ಓಡಿದ ಎಂಜಿನ್ನಿಗೆ, ಬಯಲುಸೀಮೆಯ ಬೇಸಗೆಗೆ 20ಡಬ್ಲ್ಯು-50 ಯುಕ್ತವೆಂದೂ ಈ ಲೇಖಕನ ಅಭಿಪ್ರಾಯ. ಅದಕ್ಕೂ ಮೇಲಿನ ದರ್ಜೆಗೆ ಕೈಹಾಕುವ ಸಂದರ್ಭ ಒದಗಿದರೆ, ಎಣ್ಣೆಯ ಅಂಗಡಿಗಿಂತ ಕ್ರ್ಯಾಂಕನ್ನು ಗ್ರೈಂಡ್ ಮಾಡುವ ಲೇತಿನ ಅಂಗಡಿಗೆ ಹೋಗುವುದು ಲೇಸು.

ಸ್ನಿಗ್ಧತೆಯಂತೆಯೇ ಎಣ್ಣೆಯೊಳಗಿನ ರಾಸಾಯನಿಕಗಳೂ ವಿಚಾರಾರ್ಹವಾದವು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ವರ್ಗೀಕರಣದಲ್ಲಿ, ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ ಎಸ್ ಅಕ್ಷರದಿಂದಲೂ ಡೀಸೆಲ್ ಎಣ್ಣೆಗೆ ಸಿ ಅಕ್ಷರದಿಂದಲೂ ಆರಂಭವಾಗುವ ಸಂಕೇತಗಳಿವೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದುವರಿದಷ್ಟೂ ಎಣ್ಣೆ ಆಧುನಿಕ. ಹೊಸದು ಹಳೆಯದಕ್ಕಿಂತ ಎಲ್ಲ ವಿಧದಲ್ಲಿಯೂ ಮೇಲೆಂಬ ತರ್ಕ ಇಲ್ಲಿ ಒಂದೆಡೆ ಎಡವುತ್ತದೆ. ಅಂಬಾಸಿಡರ್, ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡುಗಳಲ್ಲಿ ಕ್ಯಾಮಿನ ಉಬ್ಬು ಟ್ಯಾಪೆಟ್ಟಿನ ಚಪ್ಪಟೆಯಾದ ಮುಖದ ಮೇಲೆ ಜಾರುತ್ತ ಸಾಗುತ್ತದೆ. ಅಲ್ಲಿನ ಸಂಪರ್ಕದ ಗೆರೆ ಅತಿ ಕಿರಿದಾದ ಕಾರಣ ಎಣ್ಣೆಯ ಪೊರೆಯೊಂದೇ ಲೋಹವನ್ನು ಪೂರ್ತಿ ಕಾಯಲಾರದು. 1940ರ ದಶಕದಿಂದ ಎಣ್ಣೆಗೆ ಬೆರೆಸುತ್ತ ಬಂದಿರುವ ಸತು, ರಂಜಕ, ಗಂಧಕಗಳ ಸಂಯುಕ್ತವೊಂದು ಉಜ್ಜಿನ ಬಿಸಿಯಲ್ಲಿ ಒಡೆದು ಲೋಹದ ಮೇಲೆ ಕಾವಲಿನ ಲೇಪವನ್ನು ಹಾಸುತ್ತದೆ. ಅದರೊಳಗಿನ ರಂಜಕವು ಹೊಸ ಕಾರುಗಳ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ವಿಷವಾದುದರಿಂದ, 2004ರಲ್ಲಿ ಬಂದ ಎಸ್‌ಎಂ ವರ್ಗದಲ್ಲಿ ತೆಳುವಾದ ದರ್ಜೆಗಳಿಗೆ ಅದನ್ನು ಶೇಕಡಾ 0.08ಕ್ಕೆ ಮಿತಗೊಳಿಸಿದರು. ಆ ಮಿತಿ 40 ಮತ್ತು 50ರ ದರ್ಜೆಗಳಿಗೆ ಅನ್ವಯಿಸದೆ ಇರುವುದು ಹಳೆಯ ಕಾರಿನವರ ಅದೃಷ್ಟ. ಕನ್ವರ್ಟರಿಲ್ಲದ ನಮ್ಮ ಹಳೆಯ ಎಂಜಿನ್ನಿಗೆ ಮಂದ ದರ್ಜೆಯ ಎಣ್ಣೆಯನ್ನು ಆರಿಸಲು ಇದೊಂದು ಹೆಚ್ಚಿನ ಕಾರಣ. ಸಿಎಚ್-4, ಸಿಐ-4 ವರ್ಗದ 15ಡಬ್ಲ್ಯು-40 ಡೀಸೆಲ್ ಎಣ್ಣೆಗಳು, ಡಬ್ಬಿಯ ಮೇಲೆ ಪೆಟ್ರೋಲಿನ ವರ್ಗವೂ ನಮೂದಾಗಿದ್ದ ಪಕ್ಷದಲ್ಲಿ, ಈ ಕೆಲಸಕ್ಕೆ ಒದಗುತ್ತವೆ. ಎಂಜಿನ್ನಿನ ಕೆಲಸ ಮಾಡಿಸಿ ಹೊಸ ಕ್ಯಾಮ್ ಕೂರಿಸಿದ ಮೊದಲ ಗಂಟೆಯಲ್ಲಿ ಈ ಸಂಯುಕ್ತದ ಅವಶ್ಯಕತೆ ಅತ್ಯಧಿಕ. ಹಾಗೆಂದು ಬಿಡಿ ಡಬ್ಬಿಗಳಲ್ಲಿ ಮಾರುವ ಸತುವಿನ ದ್ರಾವಣವನ್ನು ಮನಬಂದಂತೆ ಸುರಿಯಬಾರದು. ಮಿತಿಮೀರಿದ ಪ್ರಮಾಣ ಲೋಹವನ್ನೇ ಕೊರೆಯುತ್ತದೆ. ಒತ್ತಡವನ್ನು ಏರಿಸುವೆವೆಂದು ಸಾರುವ ಜೇನಿನಂತಹ ದ್ರವಗಳನ್ನು ಈ ಲೇಖಕನು ಯಾವ ಎಂಜಿನ್ನಿಗೂ ಶಿಫಾರಸು ಮಾಡನು: ಕೊಳ್ಳುವವನ ಕಣ್ಣಿಗೆ ಮುಳ್ಳು ಏರುವಂತೆ ಮಾಡುವುದೊಂದೇ ಅವುಗಳ ಗುಣ.

ಕೆಸರನ್ನು ಕರಗಿಸಿ ತೇಲಿಸುವ ಡಿಟರ್ಜೆಂಟ್ ಗುಣವು ಹಳೆಯ ಎಂಜಿನ್ನಿಗೆ ಅಪಾಯಕಾರಿಯೆಂಬ ಮಾತು ಪೂರ್ತಿ ನಿರಾಧಾರವಲ್ಲ. ದಶಕಗಳ ಕಾಲ ಸಾದಾ ಎಣ್ಣೆಯಲ್ಲಿ ಓಡಿ ಒಳಮೈಯೆಲ್ಲ ಕೆಸರುಗಟ್ಟಿದ ಎಂಜಿನ್ನಿಗೆ ಹಠಾತ್ತನೆ ಆಧುನಿಕ ಎಣ್ಣೆಯನ್ನು ಹಾಕಿದರೆ, ಸಡಿಲವಾದ ಕೆಸರು ಜಾಲರಿಗೆ ಬಂದು ಮೆತ್ತಿಕೊಳ್ಳಬಹುದು. ಚೇಂಬರನ್ನು ಇಳಿಸಿ ತೊಳೆದು, ಜಾಲರಿಯನ್ನು ಶುದ್ಧಿಗೊಳಿಸಿ, ಮೊದಲ ಎರಡು ಬದಲಾವಣೆಗಳನ್ನು ಸಾವಿರ ಕಿಲೋಮೀಟರಿನೊಳಗೆ ಮಾಡಿದರೆ ಈ ಭಯ ತೀರುತ್ತದೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಕಾಣಸಿಗುವಂತಹ ಮಹಾಯುದ್ಧಗಳಿಗೆ ಹಿಂದಿನ ಕಾರುಗಳಲ್ಲಿ, ಬೇರಿಂಗಿಗೆ ಬಿಳಿಲೋಹವನ್ನು ಎರಕ ಹೊಯ್ದು, ಫಿಲ್ಟರೇ ಇಲ್ಲದೆ ನಡೆಸಿದವು ಉಂಟು; ಅಂತಹವುಗಳಿಗೆ ಒಂಟಿ ದರ್ಜೆಯ ಎಣ್ಣೆಯನ್ನೇ ಹಾಕಿ, ಬಹು ಬೇಗ ಬೇಗ ಬದಲಾಯಿಸುವ ಸಂಪ್ರದಾಯಕ್ಕೆ ಅರ್ಥವಿದೆ.

ಸಿಂಥೆಟಿಕ್ ಎಣ್ಣೆ ತೆಳು, ಖನಿಜ ಎಣ್ಣೆ ಮಂದ ಎಂಬ ವಿಭಜನೆ ತಪ್ಪು. ದರ್ಜೆಯೊಂದೇ ಆದರೆ ಕಾದಾಗಿನ ಸ್ನಿಗ್ಧತೆಯೂ ಹೆಚ್ಚುಕಡಿಮೆ ಒಂದೇ. ಸಿಂಥೆಟಿಕ್ ಎಣ್ಣೆ ಬೇಗ ಕೆಡದು, ಶುದ್ಧವಾಗಿರುವುದು, ಅದು ನಿಜ. ಆದರೆ ಮೂರು ಮುಖ್ಯ ಬೇರಿಂಗುಗಳ ಬಿ ಶ್ರೇಣಿಯ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂಬದಿಗೆ ರಬ್ಬರಿನ ಸೀಲಿಲ್ಲ. ದಂಡದ ಮೈಮೇಲೆ ಕೆತ್ತಿದ ಸುರುಳಿ ಗೀರು ಎಣ್ಣೆಯನ್ನು ಒಳಕ್ಕೆ ಮರಳಿಸುವುದೊಂದೇ ಅಲ್ಲಿನ ತಡೆ. ಅಲ್ಲಿಂದ ಕೆಲವು ತೊಟ್ಟು ಸೋರುವುದು ಸ್ವಾಭಾವಿಕವಾದುದು. ಎಣ್ಣೆ ತೆಳುವಾದಷ್ಟೂ ಸೋರಿಕೆ ಹೆಚ್ಚು. ಸೋರಿಯೂ ಉರಿದೂ ಖರ್ಚಾಗುವ ಎಣ್ಣೆಗೆ ದುಬಾರಿ ಬೆಲೆ ತೆರುವುದಕ್ಕಿಂತ, ಹೆಸರುವಾಸಿ ತಯಾರಕರ ಸಾದಾ ಎಣ್ಣೆಯನ್ನು ತಪ್ಪದೆ ಬದಲಾಯಿಸುವುದರಲ್ಲಿ ಹೆಚ್ಚಿನ ಕ್ಷೇಮವಿದೆ. 5,000 ಕಿಲೋಮೀಟರಿಗೆ ಒಮ್ಮೆ, ಅಷ್ಟು ಓಡದಿದ್ದರೂ ವರ್ಷಕ್ಕೆ ಒಮ್ಮೆ, ಫಿಲ್ಟರಿನೊಡನೆ ಬದಲಾಯಿಸುವುದು ಒಳ್ಳೆಯ ನಿಯಮ; ನಿಂತೇ ಇರುವ ಕಾರಿನ ಎಣ್ಣೆಯೂ ತೇವವನ್ನು ಹೀರಿ ಹುಳಿತು ಬೇರಿಂಗನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ನಿಂತ ಕಾರನ್ನು ಚಾಲೂ ಮಾಡುವ ಮುನ್ನ ಪ್ಲಗ್ಗುಗಳನ್ನು ಬಿಚ್ಚಿ, ಗೇಜಿನ ಮುಳ್ಳು ಅಲುಗುವವರೆಗೆ ಸ್ಟಾರ್ಟರಿನಿಂದ ಬರಿದೆ ತಿರುಗಿಸಿದರೆ, ಒಣಗಿದ ಬೇರಿಂಗುಗಳಿಗೆ ದಹನದ ಹೊಡೆತ ಬೀಳುವುದಕ್ಕೆ ಮೊದಲೇ ಎಣ್ಣೆ ತಲುಪಿರುತ್ತದೆ.

ಎಣ್ಣೆಯನ್ನು ಎಂಜಿನ್ನು ಬಿಸಿಯಿರುವಾಗಲೇ ಇಳಿಸಬೇಕು, ಕೆಸರು ಅದರೊಡನೆ ಹೊರಬರುತ್ತದೆ. ಇಳಿಸಿದುದನ್ನು ಬಿಳಿಯ ತಟ್ಟೆಯೊಂದಕ್ಕೆ ಸ್ವಲ್ಪ ಸುರಿದು ಬಿಸಿಲಿನಲ್ಲಿ ನೋಡಿದರೆ, ಬೇರಿಂಗಿನ ಲೋಹ ಸವೆಯುತ್ತಿದ್ದಲ್ಲಿ ಬೆಳ್ಳಿಯ ಅಥವಾ ತಾಮ್ರದ ಬಣ್ಣದ ಹೊಳಪು ಕಣ್ಣಿಗೆ ಬೀಳುತ್ತದೆ. ಗೇಜು ಹೇಳುವುದಕ್ಕೆ ಎಷ್ಟೋ ಮೊದಲೇ ಇದು ಹೇಳುವುದುಂಟು. ಬಳಸಿದ ಎಣ್ಣೆಯು ಭಾರತದ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗಾಗಲಿ, ಮನೆಯ ಹಿಂದಿನ ಮಣ್ಣಿಗಾಗಲಿ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ, ಮರುಶುದ್ಧೀಕರಣಕ್ಕೆ ಕಳುಹಿಸುವ ಸರ್ವಿಸ್ ಸ್ಟೇಷನ್ನಿಗೆ ಒಪ್ಪಿಸಬೇಕೆಂದು ವಾಚಕರಲ್ಲಿ ವಿಜ್ಞಾಪನೆ.